ಚೇಳಿನ ಲೇಖನದ ಅಂಕಿಗಳು

"ಮಧ್ಯಾಹ್ನದ ಊಟದೊಳಗ ಮುಗಿಸಿಕೊಡ್ತೀನ್ರಿ" ಎಂದು ನಾನೇ ಹೇಳಿದ್ದೆ. ಬಡಾಯಿ ಕೊಚ್ಚಿದ್ದಲ್ಲ. ಉಲ್ಲೇಖಗಳನ್ನು ಸರಿಪಡಿಸುವುದು ನನಗೆ ನೀರು ಕುಡಿದಷ್ಟು ಸಲೀಸಾಗಿತ್ತು. ಲೇಖನದಲ್ಲಿ ಒಂದು ಮಾತಿನ ತಲೆಯ ಮೇಲೆ ಚಿಕ್ಕ ಅಂಕಿ ಕೂತಿರುತ್ತದಲ್ಲ, ಆ ಮಾತು ಎಲ್ಲಿಂದ ಬಂತೆಂದು ಕೊನೆಯ ಪಟ್ಟಿಯಲ್ಲಿ ನೋಡಿಕೊಳ್ಳಿ ಎನ್ನುವ ಅಂಕಿ, ಅದೇ ನನ್ನ ಕಸುಬು. ಆಗ ಹೈದರಾಬಾದಿನಲ್ಲಿ ಗಲ್ಲಿಗೊಂದು ಕಂಪ್ಯೂಟರ್ ಕ್ಲಾಸು, ಬೀದಿಗೊಂದು ಸಾಫ್ಟ್‌ವೇರ್ ಬೋರ್ಡು. ನಮ್ಮ ಕಚೇರಿಯೂ ಅಂಥದೇ ಹೊಸ ಗಾಜಿನ ಕಟ್ಟಡದಲ್ಲಿತ್ತು. ಇಲ್ಲಿನ ಡಾಕ್ಟರುಗಳು ವಿದೇಶದ ವೈದ್ಯಕೀಯ ಪತ್ರಿಕೆಗಳಿಗೆ ಕಳಿಸುವ ಲೇಖನಗಳನ್ನು ನಾವು ಹಸನು ಮಾಡಿಕೊಡುತ್ತಿದ್ದೆವು. ಒಬ್ಬರು ಭಾಷೆ ತಿದ್ದುತ್ತಿದ್ದರು, ಇನ್ನೊಬ್ಬರು ಕೋಷ್ಟಕಗಳನ್ನು ನೋಡುತ್ತಿದ್ದರು, ನಾನು ಉಲ್ಲೇಖಗಳನ್ನು.

ಅವತ್ತು ನಾನು ಹೋಗಿದ್ದು ಕಚೇರಿಗಲ್ಲ, ಸುಲ್ತಾನ್ ಬಜಾರಿನಿಂದ ನಡೆದು ಹೋಗುವಷ್ಟು ಹತ್ತಿರದ ಒಂದು ಸರ್ಕಾರಿ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ. ಫೈಲನ್ನು ಇಮೇಲಿನಲ್ಲಿ ತರಿಸಿಕೊಂಡು ನೋಡಿದ್ದೆ. ಏನೋ ಎಡವಟ್ಟಾಗಿದೆ ಎನ್ನುವುದಷ್ಟೇ ತಿಳಿದಿತ್ತು, ಏನೆಂದು ತಿಳಿದಿರಲಿಲ್ಲ. ಅಂಥ ಹೊತ್ತಿನಲ್ಲಿ ಲೇಖನ ಹುಟ್ಟಿದ ಜಾಗಕ್ಕೇ ಹೋಗಿ ನೋಡುವುದು ಒಳ್ಳೆಯದು. ನನ್ನ ಮನೆಯಿದ್ದ ಕುಷಾಯಿಗೂಡದಿಂದ ಬಸ್ಸು ಹತ್ತಿ ಹೊರಟೆ.

ವಿಭಾಗದಲ್ಲಿ ಮೂವರಿದ್ದರು. ಮುಖ್ಯಸ್ಥರಾದ ಪ್ರೊಫೆಸರು ಕಲಬುರಗಿ ಕಡೆಯ ಹಳೆಯ ಮನೆತನದವರು. ತಂದೆಯ ಕಾಲದಿಂದಲೂ ಹೈದರಾಬಾದಿನಲ್ಲಿ ಸರ್ಕಾರಿ ನೌಕರಿ. ಹೊರಗೆ ಉರ್ದು, ತೆಲುಗು, ಕನ್ನಡದವರು ಸಿಕ್ಕರೆ ಮಾತ್ರ ಅಪ್ಪಟ ಮನೆಮಾತು. ಅವರ ಕೈಕೆಳಗೆ ಕೆಲಸ ಮಾಡುತ್ತಿದ್ದ ಡಾಕ್ಟರಮ್ಮ ಬೀದರಿನ ಹುಡುಗಿ, ಲೇಖನ ಬರೆದವಳು ಅವಳೇ. ಮೂರನೆಯವರು ವಿಭಾಗದ ಟೈಪಿಸ್ಟ್, ಹಳೇ ಶಹರದವರು, ಟೈಪು ಮಾಡಲು ಕೂತರೆ ಕೀಲಿಮಣೆ ಹೊಗೆಯಾಡುವುದೊಂದು ಬಾಕಿ.

ಡಾಕ್ಟರಮ್ಮ ಪತ್ರಿಕೆಯ ಸಂಪಾದಕರ ಪತ್ರವನ್ನು ನನ್ನ ಮುಂದಿಟ್ಟಳು. ಲೇಖನದ ವಿಷಯ ಮಹತ್ವದ್ದು, ಆದರೆ ಹಲವು ಉಲ್ಲೇಖಗಳು ಅವು ನಿಂತಿರುವ ಮಾತಿಗೆ ಹೊಂದುತ್ತಿಲ್ಲ. ಸರಿಪಡಿಸಲು ಇದೊಂದೇ ಅವಕಾಶ, ಕೊಟ್ಟ ದಿನಾಂಕ ದಾಟಿದರೆ ಅಥವಾ ಮತ್ತೆ ತಪ್ಪಾದರೆ ತಿರಸ್ಕರಿಸುತ್ತೇವೆ ಎಂದಿದ್ದರು. ಆ ದಿನಾಂಕ ಅದೇ ವಾರದ ಕೊನೆಗಿತ್ತು.

"ಅಕ್ಕಾ, ಇದು ಹ್ವಾದ್ರ ಎಲ್ಲಾ ಹೋತು" ಎಂದಳು.

ಎಲ್ಲಾ ಎಂದರೆ ಏನು ಎಂದು ಕೇಳಿದೆ. ಅವಳು ಹೇಳಿದ್ದನ್ನು ಇಲ್ಲಿ ಚಿಕ್ಕದಾಗಿ ಹೇಳಬೇಕು, ಇಲ್ಲದಿದ್ದರೆ ನಾವೆಲ್ಲ ಅಂಕಿಗಳಿಗಾಗಿ ಅಷ್ಟು ತಲೆ ಕೆಡಿಸಿಕೊಂಡದ್ದು ಹುಚ್ಚಾಟದಂತೆ ಕಾಣುತ್ತದೆ. ನಗರದ ಪಶ್ಚಿಮದಲ್ಲಿ ಆಗ ಬಂಡೆಗಳನ್ನು ಒಡೆದೊಡೆದು ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದರು. ಕೆಲಸಕ್ಕೆ ಬಂದವರಲ್ಲಿ ಯಾದಗಿರಿ, ರಾಯಚೂರು, ಬೀದರ್ ಕಡೆಯವರು ಬಹಳ. ಕಲ್ಲಿನ ರಾಶಿಯ ಪಕ್ಕದಲ್ಲೇ ಅವರ ಗುಡಿಸಲು, ನೆಲದ ಮೇಲೇ ಮಕ್ಕಳ ಹಾಸಿಗೆ. ಕಲ್ಲು ಸರಿಸಿದಾಗ ಕೆಂಪು ಚೇಳು ಹೊರಬಂದು ಕಚ್ಚುತ್ತಿತ್ತು. ವಿಷ ಚಿಕ್ಕ ಮಕ್ಕಳ ಹೃದಯಕ್ಕೆ ಹೋಗುತ್ತದೆ. ರಕ್ತನಾಳ ಸಡಿಲಿಸುವ ಒಂದು ಅಗ್ಗದ ಗುಳಿಗೆಯನ್ನು ಮೊದಲು ಸಿಕ್ಕ ದವಾಖಾನೆಯಲ್ಲೇ, ದೊಡ್ಡಾಸ್ಪತ್ರೆಗೆ ಕಳಿಸುವ ಮುಂಚೆಯೇ ಕೊಟ್ಟುಬಿಟ್ಟರೆ ಮಗು ಉಳಿಯುತ್ತದೆ ಎನ್ನುವುದು ಅವರ ಅನುಭವ. ಇದನ್ನು ಜಿಲ್ಲೆಯ ದವಾಖಾನೆಗಳಿಗೆಲ್ಲ ತಿಳಿಸಿ ಎಂದು ಪ್ರೊಫೆಸರು ಮೇಲಿನವರಿಗೆ ಎಷ್ಟೋ ಸಲ ಬರೆದಿದ್ದರು. ಒಳ್ಳೆಯ ಪತ್ರಿಕೆಯಲ್ಲಿ ಅಚ್ಚಾಗಲಿ, ಆಮೇಲೆ ನೋಡೋಣ ಎಂದು ಉತ್ತರ ಬಂದಿತ್ತು. ಅಚ್ಚಾಗದೆ ಹೋದರೆ ಗುಳಿಗೆ ಈ ವಾರ್ಡಿನಲ್ಲೇ ಉಳಿಯುತ್ತದೆ, ಚೇಳು ಕಚ್ಚಿಸಿಕೊಂಡ ಮಗು ದಾರಿಯಲ್ಲೇ ಪ್ರಾಣ ಬಿಡುತ್ತದೆ ಎಂದಳು ಡಾಕ್ಟರಮ್ಮ.

ನಾನು ಕಂಪ್ಯೂಟರಿನ ಮುಂದೆ ಕೂತೆ. ಉಲ್ಲೇಖಗಳಿಗಾಗಿಯೇ ಇದ್ದ ಒಂದು ತಂತ್ರಾಂಶದಲ್ಲಿ ಡಾಕ್ಟರಮ್ಮ ಅಂಕಿಗಳನ್ನು ಹಾಕಿದ್ದಳು. ಅದರಲ್ಲಿ ಹಾಕಿದ ಅಂಕಿ ಜೀವಂತ ಅಂಕಿ. ನಡುವೆ ಹೊಸ ಉಲ್ಲೇಖ ಸೇರಿದರೆ ಮುಂದಿನವೆಲ್ಲ ತಾವಾಗಿಯೇ ಒಂದೊಂದು ಹೆಜ್ಜೆ ಮುಂದೆ ಸರಿಯುತ್ತವೆ. ಅಂಕಿಯ ಮೇಲೆ ಕ್ಲಿಕ್ಕಿಸಿದರೆ ಅದು ಬೂದು ಬಣ್ಣಕ್ಕೆ ತಿರುಗುತ್ತದೆ. ನಾನು ಒಂದೊಂದನ್ನೇ ಕ್ಲಿಕ್ಕಿಸುತ್ತ ಹೋದೆ. ಒಂದು ಬೂದು, ಇನ್ನೊಂದು ಬಿಳಿ. ಮತ್ತೆರಡು ಬೂದು, ಮತ್ತೆ ನಾಲ್ಕು ಬಿಳಿ. ಬಿಳಿಯವು ಕೈಯಿಂದ ಟೈಪು ಮಾಡಿದ ಸತ್ತ ಅಂಕಿಗಳು. ಯಾವುದು ಸರಿದರೂ ಅವು ಕೂತಲ್ಲೇ ಕೂತಿರುತ್ತವೆ.

"ಇವನ್ನ ಯಾರ್ ಹಾಕಿದ್ರಿ?"

ಟೈಪಿಸ್ಟ್ ಎದೆಯುಬ್ಬಿಸಿ ನಿಂತರು. "ಪ್ರಿಂಟ್ ಮೇ ಜೈಸಾ ಹೈ ವೈಸಾಚ್ ಟೈಪ್ ಕರಾ ಮೇಡಂ." ಮುದ್ರಿತ ಹಾಳೆಯಲ್ಲಿ ಹೇಗಿತ್ತೋ ಹಾಗೇ ಹೊಡೆದಿದ್ದರು, ಒಂದಕ್ಷರ ಆಚೀಚೆ ಆಗಿರಲಿಲ್ಲ. ಅವರದೇನೂ ತಪ್ಪಿರಲಿಲ್ಲ. ತಪ್ಪು ಇದ್ದದ್ದು ಆ ವಿಭಾಗದ ಪದ್ಧತಿಯಲ್ಲಿ.

ಪ್ರೊಫೆಸರು ಪರದೆಯ ಮೇಲೆ ಓದುವವರಲ್ಲ. ಲೇಖನವನ್ನು ಪ್ರಿಂಟು ತೆಗೆಸಿ, ಮೇಜಿನ ತುಂಬ ಹರಡಿ, ಚಹಾ ಕುಡಿಯುತ್ತ, ಕತ್ತರಿಯಿಂದ ಪ್ಯಾರಾಗಳನ್ನು ಕತ್ತರಿಸಿ, ಬೇಕಾದಲ್ಲಿಗೆ ಸರಿಸಿ ಗೋಂದು ಹಚ್ಚಿ ಅಂಟಿಸುತ್ತಿದ್ದರು. ಮೂವತ್ತು ವರ್ಷ ಹೀಗೇ ಬರೆದು ಪಳಗಿದವರು. ಅವರ ಲೇಖನಗಳ ಓಟ ನೋಡಿದರೆ ಕತ್ತರಿಯ ಮೇಲೆ ಗೌರವ ಹುಟ್ಟುತ್ತದೆ. ಅಂಟಿಸಿದ ಹಾಳೆ ಟೈಪಿಸ್ಟರ ಕೈಗೆ ಹೋಗುತ್ತಿತ್ತು. ಅವರು ಸರಿದ ಪ್ಯಾರಾವನ್ನು ಅಳಿಸಿ ಹೊಸ ಜಾಗದಲ್ಲಿ ಪೂರ್ತಿ ಮತ್ತೆ ಹೊಡೆಯುತ್ತಿದ್ದರು, ಅಂಕಿ ಸಮೇತ. ಡಾಕ್ಟರಮ್ಮ ಜೀವಂತ ಅಂಕಿ ಹಾಕುವುದು, ಪ್ರೊಫೆಸರು ಕತ್ತರಿಸುವುದು, ಟೈಪಿಸ್ಟ್ ಸತ್ತ ಅಂಕಿ ಹೊಡೆಯುವುದು, ಹೀಗೆ ಎಷ್ಟು ಸುತ್ತು ನಡೆದಿತ್ತೋ. ಕತ್ತರಿಯ ಕಾಲವೂ ಕಂಪ್ಯೂಟರಿನ ಕಾಲವೂ ಒಂದೇ ಕೋಣೆಯಲ್ಲಿ ಸಂಸಾರ ಹೂಡಿದ್ದವು.

ಹಳೆಯ ಪ್ರತಿಯೊಂದು ಸರಿಯಾಗಿ ಸಿಕ್ಕಿದ್ದರೆ ಸಾಕಿತ್ತು. ಫ್ಲಾಪಿಗಳನ್ನು ಹಾಕಿ ನೋಡಿದೆ. ಫೈನಲ್ ಎಂಬ ಹೆಸರಿನದು ಇತ್ತು, ಹೊಸ ಫೈನಲ್ ಇತ್ತು, ಕೊನೇ ಫೈನಲ್ ಇತ್ತು. ಎಲ್ಲದರಲ್ಲೂ ಬೂದು ಬಿಳಿ ಬೆರೆತೇ ಇದ್ದವು. ಕೊನೆಗೆ ತಂತ್ರಾಂಶದಲ್ಲಿ ಪಟ್ಟಿಯನ್ನು ಹೊಸದಾಗಿ ಜೋಡಿಸುವ ಗುಂಡಿ ಒತ್ತಿದೆ. ಅಂಕಿಗಳು ಒಮ್ಮೆ ಮಿಣುಕಿ ನಿಂತವು. ನನ್ನ ಕಣ್ಣಿಗೆ ಎಲ್ಲ ಚೊಕ್ಕಟವಾಗಿ ಕಂಡಿತು. ಭುಜದ ಮೇಲಿಂದ ಓದುತ್ತಿದ್ದ ಡಾಕ್ಟರಮ್ಮ ಪರದೆಯ ಒಂದು ಸಾಲಿನ ಮೇಲೆ ಬೆರಳಿಟ್ಟಳು.

"ಅಕ್ಕಾ, ಗುಳಿಗಿ ಬಗ್ಗೆ ಹೇಳೋ ಮಾತಿನ ಮ್ಯಾಲ ಪರದೇಶದ ಚೇಳಿನ ಲೇಖನದ ನಂಬರ್ ಕುಂತೈತಿ ನೋಡ್ರಿ."

ಅದರಲ್ಲೇನು ಎಂದು ನಾನು ಕೇಳಿದೆ. ಅವಳು ಬಿಡಿಸಿ ಹೇಳಿದಳು. ಆ ಲೇಖನ ಬೇರೆ ಖಂಡದ ಬೇರೆ ಜಾತಿಯ ಚೇಳಿನದು. ಅದರ ವಿಷ ನರಕ್ಕೆ ಹೋಗುತ್ತದೆಯೇ ಹೊರತು ಹೃದಯವನ್ನು ಹೀಗೆ ಹಿಡಿಯುವುದಿಲ್ಲ. ಅಲ್ಲಿ ಮಗುವನ್ನು ಮದ್ದು ಕೊಟ್ಟು ಮಲಗಿಸಿ ಕಾಯುತ್ತಾರೆ. ನಮ್ಮ ಲೇಖನ ಓದಿದ ತಾಲ್ಲೂಕು ಡಾಕ್ಟರು ಯಾರಾದರೂ ಇನ್ನಷ್ಟು ತಿಳಿಯೋಣ ಎಂದು ಆ ಅಂಕಿ ಹಿಡಿದು ಹೋದರೆ, ಸಿಗುವುದು ಮಗುವನ್ನು ಮಲಗಿಸಿ ಕಾಯಿರಿ ಎನ್ನುವ ಸಲಹೆ.

ಅಲ್ಲಿಯವರೆಗೆ ಅಂಕಿ ಎಂದರೆ ಅಚ್ಚುಕಟ್ಟು ಎಂದುಕೊಂಡಿದ್ದೆ. ಅದು ದಾರಿ ತೋರಿಸುವ ಬೆರಳೂ ಹೌದು ಎಂದು ಆ ಹುಡುಗಿ ತೋರಿಸಿಕೊಟ್ಟಳು. ಊಟದ ಹೊತ್ತೂ ಮೀರಿತ್ತು, ನನ್ನ ಮಾತೂ ಮೀರಿತ್ತು.

ಅಷ್ಟರಲ್ಲಿ ಪ್ರೊಫೆಸರು ವಾರ್ಡಿನ ಸುತ್ತು ಮುಗಿಸಿ ಬಂದರು. ನಡೆದದ್ದನ್ನು ಕೇಳಿ, ಕತ್ತರಿಯನ್ನೊಮ್ಮೆ ನೋಡಿ, ಸಣ್ಣಗೆ ನಕ್ಕರು. "ನನಗ ಈ ನಂಬರಿನ ಗೊಡವಿನ ಇಲ್ರಿ ಅಕ್ಕಾರ. ಗುಳಿಗಿ ಮಾತಿಗಿ ಗುಳಿಗಿ ಲೇಖನ ಹಾಕ್ರಿ. ಎದಿ ಮಾತಿಗಿ ಜಗಳಗಂಟನ್ನ ಹಾಕ್ರಿ. ಇದರಾಗ ಏನೈತಿ?"

ಜಗಳಗಂಟ ಯಾರು ಎಂದು ನಾನು ಡಾಕ್ಟರಮ್ಮನ ಕಡೆ ನೋಡಿದೆ. ಅವಳು ನಗು ತಡೆದುಕೊಂಡು ಹೇಳಿದಳು: ಪ್ರೊಫೆಸರು ಪ್ರತಿ ಲೇಖನಕ್ಕೂ ಒಂದು ಅಡ್ಡಹೆಸರು ಇಟ್ಟಿದ್ದರು. ಎಲ್ಲರ ಮಾತನ್ನೂ ಖಂಡಿಸುವ ಒಬ್ಬ ಲೇಖಕ ಜಗಳಗಂಟ. ಪುಟಗಟ್ಟಲೆ ಬರೆದೂ ಏನೂ ಹೇಳದ ಲೇಖನ ಪುರಾಣ. ಗುಳಿಗೆಯ ಪ್ರಮಾಣ ಕೊಟ್ಟಿದ್ದು ಗುಳಿಗಿ. ಬೇರೆ ಖಂಡದ್ದು ಪರದೇಶಿ. ವಿಭಾಗದಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದರು. ಟೈಪಿಸ್ಟರಿಗೆ ಕೂಡ ಪುರಾಣ ಯಾವುದು ಎಂದು ಗೊತ್ತಿತ್ತು. ಅದನ್ನು ಜೆರಾಕ್ಸ್ ಮಾಡಿಸಿ ಮಾಡಿಸಿ ಅವರಿಗೆ ಸಾಕಾಗಿತ್ತಂತೆ.

ಅಲ್ಲಿಗೆ ನನ್ನ ತಲೆಯಲ್ಲಿ ದಾರಿ ತೆರೆಯಿತು. ಬೂದನ್ನೂ ಬಿಳಿಯನ್ನೂ ಬೇರ್ಪಡಿಸುತ್ತ ಕೂತರೆ ವಾರ ಮುಗಿದುಹೋಗುತ್ತದೆ, ಆದರೂ ನಂಬಿಕೆ ಬರುವುದಿಲ್ಲ. ಈ ಕೋಣೆಯಲ್ಲಿ ಯಾರಿಗೂ ಗೊಂದಲವಿಲ್ಲದ ಒಂದೇ ಸಂಗತಿ ಆ ಅಡ್ಡಹೆಸರುಗಳು. "ಅಂಕಿ ಎಲ್ಲಾ ಕಿತ್ತು ಹಾಕೋಣ್ರಿ. ಒಂದೂ ಇಡೋದು ಬ್ಯಾಡ. ಅವು ಇದ್ದಲ್ಲಿ ಚೌಕದ ಕಂಸ ಹಾಕಿ ಹೆಸರು ಬರ್ಯೋಣು. ಕತ್ತರ್ಸೂದು, ಅಂಟ್ಸೂದು ಪೂರಾ ಮುಗಿದ ಮ್ಯಾಲ, ಕಡೀಕ, ಒಮ್ಮೆ ಮಾತ್ರ ಅಂಕಿ ಹಾಕ್ತೀನಿ."

ಡಾಕ್ಟರಮ್ಮ ಬೆಚ್ಚಿದಳು. "ಇರೋದನ್ನೂ ಕಿತ್ತು ಹಾಕಿದ್ರ, ವಾರದಾಗ ಮುಗೀದಿದ್ರ ಏನ್ ಕಳಸೋಣು ಅಕ್ಕಾ? ಅರ್ಧ ಆದ್ರೂ ಸರಿ ಅದಾವಲ್ಲ ಈಗ."

"ಯಾವ ಅರ್ಧ ಸರಿ ಐತಿ ಹೇಳು ನೋಡೋಣು."

ಅವಳು ಪ್ರೊಫೆಸರ ಕಡೆ ತಿರುಗಿದಳು. ಪ್ರೊಫೆಸರು ಕುರ್ಚಿಯಲ್ಲಿ ಒರಗಿ ಯೋಚಿಸಿದರು. ಲೇಖನದಲ್ಲಿ ಅವರ ಹೆಸರಿತ್ತು, ಹುಡುಗಿಯ ಹೆಸರಿತ್ತು, ನನ್ನದೇನೂ ಇರಲಿಲ್ಲ. ಹೊರಗಿನಿಂದ ಬಂದವಳ ಮಾತಿಗೆ ಇದ್ದಬದ್ದದ್ದನ್ನು ಅಳಿಸುವುದು ಸುಲಭದ ಮಾತಲ್ಲ. "ಕೀಳ್ರಿ ಹಂಗಾರ" ಎಂದರು. ಫೈಲಿನ ಒಂದು ಪ್ರತಿಯನ್ನು ಬೇರೆ ತೆಗೆದಿಟ್ಟು ಎಲ್ಲ ಅಂಕಿಗಳನ್ನು ಅಳಿಸಿದೆ. ನಿಜ ಹೇಳಬೇಕೆಂದರೆ ನನಗೆ ಒಂದಿಷ್ಟೂ ಅಳುಕಿರಲಿಲ್ಲ, ಹೊಲಿಗೆ ಬಿಚ್ಚಿದ ಬಟ್ಟೆಯನ್ನು ಮತ್ತೆ ಹೊಲಿಯಬಲ್ಲೆ ಎಂಬ ಧೈರ್ಯವಿತ್ತು.

ಮರುದಿನ ಬೆಳಗಿನಿಂದ ಕೆಲಸ ಹೀಗೆ ನಡೆಯಿತು. ಡಾಕ್ಟರಮ್ಮ ಒಂದು ವಾಕ್ಯ ಓದುತ್ತಾಳೆ. ಪ್ರೊಫೆಸರು ಕಣ್ಣು ಮುಚ್ಚಿ ಹೆಸರು ಹೇಳುತ್ತಾರೆ. ಟೈಪಿಸ್ಟ್ ಜೆರಾಕ್ಸ್ ರಾಶಿಯಿಂದ ಆ ಲೇಖನ ಎಳೆದು ನನ್ನ ಕೈಗೆ ಕೊಡುತ್ತಾರೆ. ಆ ಮಾತು ಅದರಲ್ಲಿ ನಿಜಕ್ಕೂ ಇದೆಯೇ ಎಂದು ನಾನೂ ಡಾಕ್ಟರಮ್ಮನೂ ಹುಡುಕುತ್ತೇವೆ. ಸಿಕ್ಕರೆ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ, ಕಂಸದೊಳಗೆ, ಅಡ್ಡಹೆಸರು.

ಪ್ರೊಫೆಸರ ನೆನಪು ದೊಡ್ಡದು, ಆದರೆ ದೇವರದಲ್ಲ. ಒಂದು ಕಡೆ ಜಗಳಗಂಟ ಎಂದು ಗಟ್ಟಿಯಾಗಿ ಹೇಳಿದರು. ಹುಡುಕಿದರೆ ಜಗಳಗಂಟ ಅದಕ್ಕೆ ತದ್ವಿರುದ್ಧ ಬರೆದಿದ್ದ. ಆ ಮಾತು ಸಿಕ್ಕಿದ್ದು, ಏನೂ ಹೇಳುವುದಿಲ್ಲ ಎಂದು ಎಲ್ಲರೂ ಗೇಲಿ ಮಾಡುತ್ತಿದ್ದ ಪುರಾಣದಲ್ಲಿ. "ಪುರಾಣದಾಗೂ ಒಂದು ಮಾತು ಐತಲ್ಲಪಾ" ಎಂದು ಪ್ರೊಫೆಸರು ತಮ್ಮನ್ನು ತಾವೇ ಗೇಲಿ ಮಾಡಿಕೊಂಡರು. ಇನ್ನೊಂದು ವಾಕ್ಯ ಯಾವ ಲೇಖನದಲ್ಲೂ ಸಿಗಲಿಲ್ಲ. ರಾಶಿಯೆಲ್ಲ ಮಗುಚಿ ಸುಸ್ತಾದಾಗ ಅವರು ಕಣ್ಣು ತೆರೆದರು.

"ಅದು ಎಲ್ಲೂ ಇಲ್ರಿ. ಅದು ನಾನ ಅಂದಿದ್ದು."

"ಹಂಗಾದ್ರ ಅಂಕಿ ಬರೂದಿಲ್ರಿ ಸರ್. ನಮ್ಮ ಅನುಭವದಲ್ಲಿ ಅಂತ ಬರೀರಿ."

ಮೂವತ್ತು ವರ್ಷದ ಅನುಭವವನ್ನು ಆ ಎರಡು ಪದಗಳಲ್ಲಿ ಬರೆಯಲು ಅವರಿಗೆ ಸಂಕೋಚ. ನಾನು ಜಗ್ಗಲಿಲ್ಲ. ಬರೆದರು.

ಗುಳಿಗಿಯ ಸರದಿ ಬಂದಾಗ ರಾಶಿಯಲ್ಲಿ ಅದರ ಪ್ರತಿಯೇ ಇರಲಿಲ್ಲ. ಪಟ್ಟಿಯಲ್ಲಿ ವಿವರವಿದೆಯಲ್ಲ, ಹಾಕಿಬಿಡಿ ಎನ್ನಬಹುದಿತ್ತು. ಇಡೀ ಲೇಖನ ನಿಂತಿದ್ದೇ ಅದರ ಮೇಲೆ, ಕಣ್ಣಾರೆ ನೋಡದೆ ಹಾಕುವುದಿಲ್ಲ ಎಂದೆ. ಡಾಕ್ಟರಮ್ಮ ಹಣೆ ಬಡಿದುಕೊಂಡಳು. "ಅದು ವಾರ್ಡಿನ್ಯಾಗ ಐತ್ರಿ ಅಕ್ಕಾ, ಬರ್ರಿ."

ಔಷಧಿಯ ಕಪಾಟಿನ ಬಾಗಿಲ ಒಳಮೈಗೆ ಆ ಲೇಖನದ ಹಾಳೆಗಳನ್ನು ಸಾಲಾಗಿ ಅಂಟಿಸಿದ್ದಳು, ದಾದಿಯರು ಪ್ರಮಾಣ ನೋಡಿಕೊಳ್ಳಲಿ ಎಂದು. ಮಗುವಿನ ತೂಕಕ್ಕೆ ಎಷ್ಟು ಎನ್ನುವ ಸಾಲುಗಳ ಮೇಲೆ ಬೆರಳಾಡಿಸಿ ಆಡಿಸಿ ಕಾಗದ ಕಂದಿತ್ತು. ನಾನು ಬಾಗಿಲಿಗೆ ಮುಖ ಒಡ್ಡಿ ನಿಂತು ಮೊದಲ ಹಾಳೆಯ ಅಡಿಯಿಂದ ಪತ್ರಿಕೆಯ ಹೆಸರು, ವರ್ಷ, ಸಂಪುಟ, ಪುಟ ಎಲ್ಲ ಬರೆದುಕೊಂಡೆ. ನಮ್ಮ ಪಟ್ಟಿಯಲ್ಲಿ ಪುಟದ ಸಂಖ್ಯೆಯೊಂದು ತಪ್ಪಿತ್ತು. ಆ ಸಂಖ್ಯೆ ಹಿಡಿದು ಗ್ರಂಥಾಲಯಕ್ಕೆ ಹೋದವರಿಗೆ ಲೇಖನ ಸಿಗುತ್ತಲೇ ಇರಲಿಲ್ಲ.

ಪಕ್ಕದ ಮಂಚದ ಮೇಲೆ ಒಂದು ಪುಟ್ಟ ಹುಡುಗಿ ಮಲಗಿದ್ದಳು, ಚೇಳು ಕಚ್ಚಿದ ಕಾಲಿಗೆ ಪಟ್ಟಿ. ಅವಳ ತಾಯಿ ನಮ್ಮ ಕನ್ನಡ ಕೇಳಿ ಸರಕ್ಕನೆ ತಿರುಗಿದಳು.

"ಏನ್ ಬರ್ಕೊಳ್ಳಾಕತ್ತೀರಿ ಯಕ್ಕಾ?"

"ನಿನ್ನ ಮಗಳಿಗಿ ಕೊಟ್ಟ ಗುಳಿಗಿ ಸುದ್ದಿ ಎಲ್ಲಾ ಊರಿನ ದವಾಖಾನಿಗೂ ಗೊತ್ತಾಗ್ಲಿ ಅಂತವ್ವ."

"ನಮ್ಮ ಕಡಿಗೂ ಮುಟ್ಟತೈತೇನ್ರಿ? ಯಾದಗಿರಿ ಕಡಿಗಿ? ಅಲ್ಲೂ ಕಲ್ಲು ಭಾಳ, ಚೇಳೂ ಭಾಳ."

"ಮುಟ್ಟತೈತಿ" ಎಂದೆ. ಹೇಳಿದ ಮೇಲೆ ಅದು ಎಷ್ಟು ದೊಡ್ಡ ಮಾತು ಎನ್ನಿಸಿತು. ಆದರೆ ಹಿಂತೆಗೆದುಕೊಳ್ಳಬೇಕು ಎನ್ನಿಸಲಿಲ್ಲ.

ಪ್ರೊಫೆಸರು ಕೊನೆಯ ಸಲ ಕತ್ತರಿಸಿ ಅಂಟಿಸಿದರು. ಈ ಸಲ ಎಷ್ಟು ಪ್ಯಾರಾ ಸರಿದರೂ ನನಗೆ ಚಿಂತೆಯಿರಲಿಲ್ಲ, ಹೆಸರು ಮಾತಿನ ಜೊತೆಗೇ ಹೋಗುತ್ತಿತ್ತು. ಆಮೇಲೆ ಅವರ ಕೈಯಿಂದ ಕತ್ತರಿಯನ್ನು ವಿನಯದಿಂದಲೇ ತೆಗೆದುಕೊಂಡು ಮೇಜಿನ ಖಾನೆಯೊಳಗಿಟ್ಟೆ. "ಬಂದೂಕ ಕಸಗೊಂಡಂಗ ಕಸಗೊಂಡ್ರಲ್ರಿ" ಎಂದು ನಕ್ಕರು.

ಅಂಕಿ ಹಾಕುವುದು ನನ್ನೊಬ್ಬಳ ಕೆಲಸ. ಆ ಪತ್ರಿಕೆಯದು ವ್ಯಾಂಕೂವರ್ ಶೈಲಿ: ಲೇಖನದಲ್ಲಿ ಮೊದಲು ಬಂದದ್ದು ಒಂದು, ಆಮೇಲೆ ಬಂದದ್ದು ಎರಡು. ಅದೇ ಲೇಖನ ಮತ್ತೆ ಬಂದರೆ ಹಳೆಯ ಅಂಕಿಯೇ. ಆರಕ್ಕಿಂತ ಹೆಚ್ಚು ಲೇಖಕರಿದ್ದರೆ ಆರು ಹೆಸರು ಬರೆದು ಮಿಕ್ಕವರನ್ನು 'ಇತರರು' ಎಂದು ಮುಗಿಸಬೇಕು. ಇಷ್ಟು ಎಲ್ಲರಿಗೂ ಗೊತ್ತು. ಜನ ಜಾರುವುದು ಕೋಷ್ಟಕದಲ್ಲಿ. ಕೋಷ್ಟಕ ಲೇಖನದ ಕೊನೆಯ ಹಾಳೆಯಲ್ಲಿದ್ದರೂ ಅದರೊಳಗಿನ ಉಲ್ಲೇಖಗಳು, ಮಾತಿನ ನಡುವೆ ಆ ಕೋಷ್ಟಕದ ಹೆಸರು ಮೊದಲು ಬರುವ ಜಾಗದಲ್ಲೇ ಸರದಿ ಹಿಡಿಯಬೇಕು. ನಾನೂ ಒಮ್ಮೆ ಅದನ್ನು ದಾಟಿ ಮುಂದೆ ಹೋಗಿ, ಹತ್ತು ಅಂಕಿ ಅಳಿಸಿ ಹಿಂದಕ್ಕೆ ಬಂದೆ. ಗುಳಿಗಿಗೆ ಹನ್ನೊಂದನೆಯ ಸ್ಥಾನ ಸಿಕ್ಕಿತು.

ಮುಗಿದ ಮೇಲೆ ಉಲ್ಟಾ ಓದಿದೆವು. ಪಟ್ಟಿಯ ಕೊನೆಯಿಂದ ಹಿಡಿದು, ಪ್ರತಿ ಅಂಕಿಯೂ ಲೇಖನದಲ್ಲಿ ಎಲ್ಲಿದೆ, ಅಲ್ಲಿನ ಮಾತು ಏನು ಎಂದು. ಡಾಕ್ಟರಮ್ಮ ಹೂಂಗುಟ್ಟುತ್ತಿದ್ದಳು. ನಾನು ಪೆನ್ಸಿಲಿನಿಂದ ಗೀಟು ಹಾಕುತ್ತಿದ್ದೆ. ಒಂದು ಕಡೆಯೂ ತಡೆಯಲಿಲ್ಲ.

ಗಡುವಿನ ದಿನ ಬೆಳಗ್ಗೆ ಪತ್ರಿಕೆಯ ತಾಣಕ್ಕೆ ಫೈಲು ಏರಿಸಲು ಕೂತೆವು. ಕಳಿಸುವ ಮುಂಚೆ ಚೌಕದ ಕಂಸ ಎಲ್ಲಾದರೂ ಉಳಿದಿದೆಯೇ ಎಂದು ಹುಡುಕುವ ಗುಂಡಿ ಒತ್ತಿದೆ. ಉಳಿದಿತ್ತು! ಚಿತ್ರದ ಅಡಿಬರಹದಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ, ಜಗಳಗಂಟ ರಾಜನಂತೆ ಕೂತಿದ್ದ. ಅವನ ಲೇಖನದಿಂದಲೇ ತೆಗೆದುಕೊಂಡ ಚಿತ್ರ, ಅವನ ಅಂಕಿಯ ಬದಲು ಆ ಬಿರುದು.

"ಹಂಗ ಹ್ವಾಗಿದ್ರ ಆಂವ ನಮ್ಮೂರಿಗಿ ಬಂದು ಜಗಳಾ ಮಾಡ್ತಿದ್ದ" ಎಂದು ಪ್ರೊಫೆಸರು ಹೊಟ್ಟೆ ಹಿಡಿದು ನಕ್ಕರು. ಟೈಪಿಸ್ಟ್ ಅರ್ಥವಾಗದಿದ್ದರೂ ನಕ್ಕರು. ಅಂಕಿ ಹಾಕಿ, ಇನ್ನೊಮ್ಮೆ ಹುಡುಕಿ, ಗುಂಡಿ ಒತ್ತಿದೆವು. ಟೆಲಿಫೋನ್ ತಂತಿಯ ಮೇಲೆ ತೆವಳುತ್ತಿದ್ದ ಇಂಟರ್ನೆಟ್ಟು ಎರಡು ಸಲ ಕೈಕೊಟ್ಟು, ಮೂರನೆಯ ಸಲ ತಲುಪಿತು ಎಂಬ ಸಾಲು ತೋರಿಸಿತು. ನಾನು ಸುಲ್ತಾನ್ ಬಜಾರಿನಲ್ಲಿ ಎರಡು ರವಿಕೆ ಕಣ ಕೊಂಡು ಮನೆಗೆ ಹೋದೆ.

ಲೇಖನ ಸ್ವೀಕಾರವಾಯಿತು. ಉಲ್ಲೇಖಗಳ ಬಗ್ಗೆ ಸಂಪಾದಕರು ಒಂದು ಮಾತೂ ಬರೆದಿರಲಿಲ್ಲ. ನನ್ನ ಕಸುಬಿನಲ್ಲಿ ಅದೇ ಶಭಾಷ್‌ಗಿರಿ. ಅಚ್ಚಾದ ಪ್ರತಿಯನ್ನು ಮೇಲಿನವರಿಗೆ ಕಳಿಸಿದರು, ಸುತ್ತೋಲೆಯೂ ಹೊರಟಿತಂತೆ. ನಾನು ಆಗಲೇ ಬೇರೆ ಲೇಖನಗಳ ನಡುವೆ ಮುಳುಗಿದ್ದೆ.

ಮುಂದಿನ ಬೇಸಿಗೆಯ ಒಂದು ಮಧ್ಯಾಹ್ನ ಕಚೇರಿಗೆ ಡಾಕ್ಟರಮ್ಮನ ಫೋನು ಬಂತು. ಒಂದೇ ಉಸಿರಿನಲ್ಲಿ ಮಾತಾಡುತ್ತಿದ್ದಳು.

"ಅಕ್ಕಾ, ಸುರಪುರದ ಕಡೀಂದ ಒಬ್ಬ ಡಾಕ್ಟರ್ ಫೋನ್ ಮಾಡಿದ್ರು. ನಮ್ಮ ಲೇಖನ ಓದ್ಯಾರಂತ. ಹನ್ನೊಂದನೇ ನಂಬರಿನ ಲೇಖನ ತಮಗ ಸಿಗವಲ್ದು, ಪ್ರತಿ ಇದ್ರ ಕಳಸ್ರಿ ಅಂದ್ರು. ದವಾಖಾನಿ ಕಪಾಟಿನ ಬಾಗಲಕ ಅಂಟಸ್ತಾರಂತ."

ಸುರಪುರ ಯಾದಗಿರಿಯ ಕಡೆಯೇ.

"ಹನ್ನೊಂದಂದ್ರ ಗುಳಿಗೀನ ಹೌದಲ್ರಿ ಅಕ್ಕಾ?" ಅವಳಿಗೆ ಚೆನ್ನಾಗಿ ಗೊತ್ತಿತ್ತು. ನನ್ನ ಬಾಯಿಂದ ಕೇಳಬೇಕಿತ್ತು, ಅಷ್ಟೆ.

"ಹೌದವ್ವ, ಗುಳಿಗೀನ" ಎಂದೆ. "ಕಪಾಟಿಂದ ಬಿಚ್ಚಬ್ಯಾಡ. ಹೊಸಾದು ಜೆರಾಕ್ಸ್ ಮಾಡಿಸಿ ಇವತ್ತ ಕಳಸು."